ಹಾಲು ತಂದ ಗೌಳಿ ಎಲ್ಲಿಂದ ಬಂದ?

ನಮ್ಮಪ್ಪ ದಾಂಡೇಲಿಗೆ ಬಂದದ್ದು 1958ರಲ್ಲಿ. ಕಾಗದದ ಮಿಲ್ಲನ್ನು ಆಗಿನ್ನೂ ಕಟ್ಟುತ್ತಿದ್ದರು. ಮೊದಲ ಕಾಗದ ಹೊರಬೀಳಲು ಮತ್ತೂ ಒಂದು ವರ್ಷ ಹಿಡಿಯಿತು. ಸಾಯುವವರೆಗೂ ಅಪ್ಪನ ಬಾಯಲ್ಲಿ ಒಂದೇ ಮಾತು: ‘ನಾವು ಬಂದಾಗ ಇಲ್ಲೇನಿತ್ತು? ಬರೇ ಅಡವಿ. ಹುಲಿ, ಮತ್ತ ಚಳಿಜ್ವರ.’ ಮದುವೆ ಪಂಕ್ತಿಯಲ್ಲಿ, ಗೆಳೆಯರ ನಿವೃತ್ತಿ ಸಮಾರಂಭದಲ್ಲಿ, ಮೊಮ್ಮಕ್ಕಳ ಮುಂದೆ, ಎಲ್ಲೆಡೆ ಅದೇ. ಒಮ್ಮೆ ತಡೆಯಲಾರದೆ ಕೇಳಿದೆ: ‘ಬಂದ ಮರುದಿನ ಮುಂಜಾನೆ ಚಾ ಕುಡದ್ರೋ ಇಲ್ಲೋ?’

‘ಕುಡೀದ ಬಿಡ್ತೀವೇನು?’

‘ಹಾಲು?’

‘ಗೌಳಿ ತರ್ತಿದ್ದ.’

‘ಎಲ್ಲಿಂದ?’

ಅಪ್ಪ ಸ್ವಲ್ಪ ತಡೆದ. ಆಮೇಲೆ ಕಿಟಕಿಯ ಕಡೆ ಕೈ ಬೀಸಿ, ‘ಅಲ್ಲೇ, ಹೊಳಿ ಆಚೆ ಎಲ್ಲೋ’ ಎಂದ.

ಈ ಲೇಖನ ಆ ‘ಎಲ್ಲೋ’ ಎಂಬುದರ ವಿರುದ್ಧ.

ಅಪ್ಪನದು ಬೆವರು ಸುರಿಸಿದವನ ಹೆಮ್ಮೆ, ಅದನ್ನು ಮನ್ನಿಸಬಹುದು. ಆದರೆ ಅದೇ ಮಾತು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಚರಿತ್ರೆ ಎಂದು ಇವತ್ತು ಚಲಾವಣೆಯಲ್ಲಿದೆಯಲ್ಲ, ಅದನ್ನು ಮನ್ನಿಸಲು ಬರುವುದಿಲ್ಲ. ಮಿಲ್ಲಿನ ಕತೆ ಹೇಳುವವರಿಗೆ ಕಾಲ ಶುರುವಾಗುವುದು 1955ಕ್ಕೆ, ಕಂಪನಿ ಹುಟ್ಟಿದ ವರ್ಷಕ್ಕೆ. ಅಣೆಕಟ್ಟಿನ ಕತೆ ಹೇಳುವವರಿಗೆ ಸೂಪಾ ಡ್ಯಾಮಿನ ಮೊದಲ ಕಾಂಕ್ರೀಟಿಗೆ. ಕಾಡಿನ ಕತೆಗಾರರ ಲೆಕ್ಕ 1956ರ ಅಭಯಾರಣ್ಯದಿಂದ ಹೊರಟು 1987ರ ಅಣಶಿ ರಾಷ್ಟ್ರೀಯ ಉದ್ಯಾನ, 2007ರ ಹುಲಿ ಸಂರಕ್ಷಿತ ಪ್ರದೇಶ ಎಂದು ಮೆಟ್ಟಿಲು ಹತ್ತುತ್ತದೆ. ಮುಂಡಗೋಡದಲ್ಲಿ ಟಿಬೆಟ್ ಕಾಲೊನಿ ಬಂದ 1966ರಿಂದ ಎಣಿಸುತ್ತಾರೆ. ರೆಸಾರ್ಟಿನವರಿಗಂತೂ ಇಸವಿಯೇ ಬೇಡ. ‘ಮನುಷ್ಯನ ಕೈ ತಾಕದ ಕಾಡು’ ಎಂದು ಬೋರ್ಡು ಬರೆಸಿ, ಕೆಳಗೆ ಒಂದು ಮಂಗಟ್ಟೆ ಹಕ್ಕಿಯ ಚಿತ್ರ ಅಂಟಿಸಿದರೆ ಮುಗಿಯಿತು. ಇವರೆಲ್ಲ ಬೇರೆ ವಿಷಯದಲ್ಲಿ ಒಬ್ಬರಿಗೊಬ್ಬರು ಎಣ್ಣೆ ಸೀಗೆಕಾಯಿ. ಈ ಒಂದರಲ್ಲಿ ಮಾತ್ರ ಎಲ್ಲರದೂ ಒಂದೇ ರಾಗ: ನಾನು ಬರುವ ಮೊದಲು ಇಲ್ಲೇನೂ ಇರಲಿಲ್ಲ.

ಆ ಬೋರ್ಡಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ಸುಲಭ. ಗಣೇಶಗುಡಿಯಲ್ಲಿ ರಬ್ಬರ್ ದೋಣಿ ಹತ್ತಿ ಕಿರುಚುತ್ತ ಇಳಿಯುವ ಪ್ರವಾಸಿ ‘ಕಾಡು ನದಿ’ಯ ಮೇಲೆ ಸವಾರಿ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಆ ನೀರು ಬರುವುದು ಸೂಪಾ ಅಣೆಕಟ್ಟಿನಿಂದ ಬಿಟ್ಟಾಗ. ಅಲ್ಲಿ ನೀರು ನಿಂತರೆ ಇಲ್ಲಿ ಸಾಹಸವೂ ನಿಂತಿತು. ದಾರಿಯ ಎರಡೂ ಬದಿ ಅವನು ಫೋಟೊ ಹೊಡೆದುಕೊಳ್ಳುವ ಸಾಗವಾನಿ ಮರಗಳನ್ನು ಒಮ್ಮೆ ಓರೆಗಣ್ಣಿನಿಂದ ನೋಡಬೇಕು: ಅನೇಕ ಕಡೆ ಅವು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲು ಹಿಡಿದು ನಿಂತಿವೆ. ತಾವಾಗಿ ಹುಟ್ಟಿದ ಮರಗಳು ಸಾಲು ಹಿಡಿಯುವುದಿಲ್ಲ. ಯಾರೋ ಗುಂಡಿ ತೋಡಿ, ಸಸಿ ಇಟ್ಟು, ಕೂಲಿ ತಗೊಂಡು ಹೋಗಿದ್ದಾರೆ.

ಇನ್ನು ಊರಿನ ಹೆಸರು. ದಾಂಡೇಲಿ ಎಂದರೆ ದಂಡಕಾರಣ್ಯ, ರಾಮ ಇಲ್ಲಿ ನಡೆದಾಡಿದ್ದ ಎಂದು ಈಗ ಹೇಳದ ಗೈಡ್ ಇಲ್ಲ. ಊರವರು ಹೇಳುತ್ತ ಬಂದ ಕತೆ ಬೇರೆ. ದಾಂಡೇಲಪ್ಪ ಎಂಬ ಒಬ್ಬ ಆಳು, ಮಿರಾಶಿ ಮನೆತನದ ಒಡೆಯರಲ್ಲಿ ದುಡಿಯುತ್ತಿದ್ದವನು, ನಿಷ್ಠೆಗಾಗಿ ಜೀವ ಕೊಟ್ಟ. ಅವನಿಗೆ ಗುಡಿಯಾಯಿತು, ಅವನ ಹೆಸರೇ ಊರಿಗಾಯಿತು. ಎರಡರಲ್ಲಿ ಯಾವುದು ನಿಜ ಎಂದು ನಾನು ಪಣ ಕಟ್ಟುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕತೆಯಲ್ಲಿ ಒಡೆಯ ಇದ್ದಾನೆ, ಆಳು ಇದ್ದಾನೆ, ಹೊಲ ಇದೆ, ಜಗಳ ಇದೆ, ಹೆಣ ಇದೆ. ಅಂದರೆ ಊರಿದೆ. ಇನ್ನೊಂದರಲ್ಲಿ ಬರೀ ಅರಣ್ಯ, ಅದೂ ಪುರಾಣದ್ದು. ಆಳಿನ ಹೆಸರನ್ನು ಹೊತ್ತ ಊರಿನವರು ನಾವು ಎನ್ನಲು ನಾಚಿ, ಋಷಿಗಳ ಕಾಡಿನವರು ಎಂದು ಬೀಗುವ ಈ ಚಾಳಿ ನಮಗೆ ಯಾವಾಗ ಅಂಟಿತು?

ಮಿಲ್ಲಿಗೂ ಮೊದಲು ಇಲ್ಲಿ ರೈಲಿತ್ತು. ಅಳ್ನಾವರದಿಂದ ಹಳಿ ಕವಲೊಡೆದು ದಾಂಡೇಲಿಗೆ ಬಂದದ್ದು ಕಾಗದ ಸಾಗಿಸಲು ಅಲ್ಲ, ಸಾಗವಾನಿ ದಿಮ್ಮಿ ಸಾಗಿಸಲು. ಮಿಲ್ಲಿಗೆ ಸುಮಾರು ನಾಲ್ಕು ದಶಕ ಮುಂಚೆ. ದಿಮ್ಮಿ ಇದ್ದ ಮೇಲೆ ಕಡಿಯುವವರಿದ್ದರು, ಎಳೆಯುವ ಎತ್ತು ಆನೆಗಳಿದ್ದವು, ಮಾವುತನಿದ್ದ, ಡಿಪೋದಲ್ಲಿ ಸುತ್ತಳತೆ ಬರೆದುಕೊಳ್ಳುವ ಗುಮಾಸ್ತನಿದ್ದ, ಅವನಿಗೆ ಸಾಲ ಕೊಡುವ ಅಂಗಡಿಯವನಿದ್ದ. 2019ರಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಅಂಬೇವಾಡಿಗೆ ಬಂದಾಗ ಊರಿಗೆ ಊರೇ ಹೂಮಾಲೆ ಹಿಡಿದು ನಿಂತಿತ್ತು. ನನ್ನ ಪಕ್ಕದಲ್ಲಿದ್ದ ಹುಡುಗ, ‘ಅಂತೂ ದಾಂಡೇಲಿಗೆ ಟ್ರೇನ್ ಬಂತು’ ಎಂದ. ಅವನ ಅಜ್ಜ ಬಹುಶಃ ಅದೇ ಹಳಿಯ ಮೇಲೆ ಬಂದಿಳಿದವನು.

ಜೋಯಿಡಾ ತಾಲೂಕಿನ ಮೂಲೆಯಲ್ಲಿರುವ ಕ್ಯಾಸಲ್‌ರಾಕ್‌ಗೆ ಹೋಗಿ ನೋಡಿ. ಮಳೆಗಾಲದಲ್ಲಿ ಜಲಪಾತ ನೋಡಲು ಹೋಗುವ ಹುಡುಗರಿಗೆ ಅದು ಹಳಿ ಮೇಲೆ ನಡೆಯುವ ಜಾಗ, ಅಷ್ಟೆ. 1880ರ ದಶಕದಲ್ಲಿ ಗೋವೆಯ ಮುರಗಾವಿನಿಂದ ಘಟ್ಟ ಹತ್ತಿ ಬಂದ ಹಳಿ ಬ್ರಿಟಿಷ್ ಹಳಿಯನ್ನು ಕೂಡಿಕೊಂಡದ್ದು ಅಲ್ಲಿ. ಎರಡು ಸಾಮ್ರಾಜ್ಯಗಳ ಗಡಿ ನಿಲ್ದಾಣ ಅದು. 1961ರವರೆಗೆ ಅದರಾಚೆ ಪೋರ್ಚುಗಲ್. ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದ ಊರನ್ನು ‘ಜಗತ್ತಿನ ಅರಿವಿಲ್ಲದ ಕಾಡು’ ಎನ್ನಬೇಕಾದರೆ ಎದೆಗಾರಿಕೆ ಬೇಕು. ಹಳಿಯಾಳದ ಕೋಟೆಯ ಹೆಸರು, ಶ್ರೀರಂಗಪಟ್ಟಣ ಬಿದ್ದ ಮೇಲೆ, 1799-1800ರಲ್ಲಿ ಆರ್ಥರ್ ವೆಲ್ಲೆಸ್ಲಿ ಬರೆದ ಪತ್ರಗಳಲ್ಲಿ ಪದೇ ಪದೇ ಬರುತ್ತದೆ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಬರೀ ಅಡವಿಯ ಬಗ್ಗೆ ಯಾವ ಸೇನಾಪತಿಯೂ ಅಷ್ಟು ಶಾಯಿ ಸುರಿಯುವುದಿಲ್ಲ. ಇನ್ನು ಉಳವಿ. ಕಲ್ಯಾಣದ ಕ್ರಾಂತಿ ಚದುರಿದ ಮೇಲೆ, 12ನೆಯ ಶತಮಾನದಲ್ಲಿ ಚನ್ನಬಸವಣ್ಣ ಬಂದು ಐಕ್ಯನಾದ ಜಾಗ ಎಂದು ಧಾರವಾಡ ಬೆಳಗಾವಿ ಸೀಮೆಯ ಜನ ತಲೆತಲಾಂತರದಿಂದ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಾರೆ. ಆ ಚಕ್ಕಡಿಗಳು ಕಾಡಿನ ಮೇಲೆ ಹಾರಿ ಹೋಗಲಿಲ್ಲ. ದಾರಿಯುದ್ದಕ್ಕೂ ಎತ್ತಿಗೆ ನೀರು ಬೇಕಿತ್ತು, ರಾತ್ರಿಗೆ ತಂಗಲು ಊರು ಬೇಕಿತ್ತು, ದಾರಿ ತಪ್ಪಿದರೆ ‘ಹೀಗೆ ಹೋಗಿ’ ಎನ್ನುವ ಒಬ್ಬ ಮನುಷ್ಯನಾದರೂ ಬೇಕಿತ್ತು.

ಹಾಗಾದರೆ ಅಪ್ಪ ಸುಳ್ಳು ಹೇಳಿದನೇ? ಇಲ್ಲ. ಅವನು ಬಂದಾಗ ಕಂಡದ್ದು ನಿಜವಾಗಿಯೂ ವಿರಳ ಜನ, ದಟ್ಟ ಕಾಡು. ಅವನ ತಪ್ಪು ಒಂದೇ: ಬರಿದಾದದ್ದನ್ನು ಮೊದಲಿಂದಲೇ ಬರಿದಾಗಿತ್ತು ಎಂದುಕೊಂಡ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಆಮೇಲೆ 1878ರ ಅರಣ್ಯ ಕಾಯ್ದೆ ಬಂತು, ಮೀಸಲು ಕಾಡಿನ ಗೆರೆಗಳು ಬಂದವು. ಗುಡ್ಡದ ಇಳಿಜಾರಿನಲ್ಲಿ ಕುರುಚಲು ಸವರಿ, ಸುಟ್ಟು, ರಾಗಿ ಚೆಲ್ಲಿ, ಎರಡು ಮೂರು ವರ್ಷಕ್ಕೆ ಮುಂದೆ ಹೋಗುತ್ತಿದ್ದ ಕುಮರಿ ಬೇಸಾಯವನ್ನು ಒಂದೊಂದೇ ಕಡೆ ನಿಲ್ಲಿಸುತ್ತ ಬಂದರು. ಕುಮರಿಯನ್ನೇ ನಂಬಿದವರು ಕೂಲಿಯಾದರು, ಇಲ್ಲವೇ ಗೋವೆಯ ಕಡೆ ಇಳಿದರು. ಉಳಿದವರನ್ನು ಮಲೇರಿಯಾ ನೋಡಿಕೊಂಡಿತು. 1901ರಿಂದ 1921ರವರೆಗಿನ ಜನಗಣತಿಯಲ್ಲಿ ಈ ಜಿಲ್ಲೆಯ ತಲೆಎಣಿಕೆ ಏರಲಿಲ್ಲ, ಇಳಿಯಿತು. ಕಂದಾಯದವರ ಕಡತದಲ್ಲಿ ಇದಕ್ಕೊಂದು ಶಬ್ದವಿದೆ: ಬೇಚರಾಕ್. ದೀಪವಿಲ್ಲದ ಊರು ಎಂದರ್ಥ. ಊರಿಗೆ ಹೆಸರಿದೆ, ಗಡಿಕಲ್ಲಿದೆ, ಸರ್ವೆ ನಂಬರಿದೆ, ಸಂಜೆ ದೀಪ ಹಚ್ಚುವವರಿಲ್ಲ. ತಲಾಠಿಯ ಕಡತದ ಈ ಒಂದು ಶಬ್ದದಲ್ಲಿರುವ ಸತ್ಯ ನಮ್ಮ ಪ್ರವಾಸೋದ್ಯಮದ ಅಷ್ಟೂ ಬಣ್ಣದ ಪುಸ್ತಿಕೆಗಳಲ್ಲಿಲ್ಲ. ಬೇಚರಾಕ್ ಎನ್ನಬೇಕಾದರೆ ಹಿಂದೆ ಚಿರಾಗ ಉರಿದಿರಬೇಕು.

ಹಳೆಯ ನಕ್ಷೆಗಳ ಹುಚ್ಚು ನನಗೆ ಹಿಡಿದದ್ದು ಹೀಗೆ. ಸರ್ವೆ ಆಫ್ ಇಂಡಿಯಾದ ಲೆಕ್ಕದಲ್ಲಿ ದಾಂಡೇಲಿ, ಹಳಿಯಾಳ, ಸೂಪಾ ಬರುವುದು 48 ಐ ಎಂಬ ಗುಂಪಿನ ಹಾಳೆಗಳಲ್ಲಿ. ಮುಂಡಗೋಡ ಊರು ಮಾತ್ರ ಒಂದಿಷ್ಟು ಜಾರಿ 48 ಎನ್‌ಗೆ ಹೋಗುತ್ತದೆ. ಅಂಗುಲಕ್ಕೆ ಒಂದು ಮೈಲಿಯ ಹಳೆಯ ಹಾಳೆಯೊಂದು ನಿವೃತ್ತ ಸರ್ವೇಯರ್ ಒಬ್ಬರ ಟ್ರಂಕಿನಿಂದ ನನ್ನ ಪಾಲಿಗೆ ಬಂತು. ಮಡಿಸಿದ ಜಾಗದಲ್ಲೆಲ್ಲ ಹರಿದು, ಹಿಂದೆ ಬಟ್ಟೆ ಅಂಟಿಸಿದ್ದು. ಕಾಡಿಗೆ ಹಸಿರು, ಸಾಗುವಳಿಗೆ ಹಳದಿ, ನೀರಿಗೆ ನೀಲಿ, ಗುಡ್ಡದ ಏರಿಳಿತಕ್ಕೆ ಕಂದು ಗೆರೆ. ದೂರದಿಂದ ನೋಡಿದರೆ ಅಪ್ಪನ ಮಾತೇ ಸರಿ, ಇಡೀ ಹಾಳೆ ಹಸಿರು. ಕನ್ನಡಕ ಏರಿಸಿ ಬಗ್ಗಿದರೆ ಆ ಹಸಿರಿನ ಒಳಗೆ ತುಂಡು ಗೆರೆಗಳ ಜಾಲವೇ ಇದೆ, ಬಂಡಿದಾರಿ, ಕಾಲುದಾರಿ. ಕಾಲುದಾರಿ ತಾನೇ ಹುಟ್ಟುವುದಿಲ್ಲ, ಕಾಲು ಬೇಕು. ಕೆಲವು ಹೆಸರುಗಳ ಪಕ್ಕ ‘ಡೆಸರ್ಟೆಡ್’ ಎಂದು ಅಚ್ಚಾಗಿದೆ, ಅದು ಇಂಗ್ಲಿಷಿನ ಬೇಚರಾಕ್.

ನಕ್ಷೆಯನ್ನು ನಂಬಿ ಎಂದು ನಾನು ಹೇಳುತ್ತಿಲ್ಲ. ಸರ್ವೆಯವರು ಬರುತ್ತಿದ್ದದ್ದು ಮಳೆ ಮುಗಿದ ಮೇಲೆ, ಒಣ ತಿಂಗಳುಗಳಲ್ಲಿ. ದನಕ್ಕೆ ಮೇವು ಹುಡುಕಿ ಜಾಗ ಬದಲಿಸುತ್ತಿದ್ದ ಗೌಳಿಯ ದೊಡ್ಡಿ ಅವರ ಕಣ್ಣಿಗೆ ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ. ಬಿದ್ದರೂ, ಇಂದು ಇದ್ದು ನಾಳೆ ಇರದ ಹುಲ್ಲಿನ ಮಾಡಿಗೆ ಅಚ್ಚಿನ ಹಾಳೆಯಲ್ಲಿ ಜಾಗ ಯಾರು ಕೊಡುತ್ತಾರೆ? ಅಪ್ಪನಿಗೆ ಹಾಲು ತಂದವನು ನಕ್ಷೆಯಲ್ಲಿ ಇಲ್ಲದಿರುವುದಕ್ಕೆ ಕಾರಣ ಇದು. ಅವನು ಇರಲಿಲ್ಲ ಎಂದಲ್ಲ, ಅವನಿರುವ ರೀತಿಗೆ ನಕ್ಷೆಯಲ್ಲಿ ಗುರುತೇ ಇರಲಿಲ್ಲ.

ಫೋಟೊಗಳ ಕತೆಯೂ ಅಷ್ಟೆ. ದೊಡ್ಡವರ ಮನೆಯ ಗೋಡೆಗಳಲ್ಲಿ ಕಾಣುವ ಆ ಕಾಲದ ಚಿತ್ರಗಳಲ್ಲಿ ನಡುವೆ ಸತ್ತ ಹುಲಿ, ಹುಲಿಯ ಮೇಲೆ ಬೂಟುಗಾಲು, ಬೂಟಿನ ಮೇಲೆ ಸಾಹೇಬ. ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಬ್ಬ ಬರಿಮೈಯವನು. ಹುಲಿಯ ಉದ್ದವನ್ನು ಅಂಗುಲದ ಲೆಕ್ಕದಲ್ಲಿ ಕೆಳಗೆ ಬರೆದಿರುತ್ತಾರೆ. ಅದರ ಜಾಡು ಹಿಡಿದು ತೋರಿಸಿದವನ ಹೆಸರು ಬರೆದ ಒಂದು ಚಿತ್ರವನ್ನೂ ನಾನು ಈವರೆಗೆ ಕಂಡಿಲ್ಲ. ನಮ್ಮಂಥವರ ಫೋಟೊ ತೆಗೆಯುತ್ತಿದ್ದದ್ದು ಹಳಿಯಾಳದ ಸ್ಟುಡಿಯೊದಲ್ಲಿ. ನನಗೆ ಆರು ವರ್ಷವಿದ್ದಾಗ ತೆಗೆಸಿದ್ದು ಇನ್ನೂ ಇದೆ: ತಲೆಗೆ ಎಣ್ಣೆ ಸುರಿದು ಬಾಚಿದ ಕೂದಲು, ಎರವಲು ಬೂಟು, ಹಿಂದೆ ಪರದೆಯ ಮೇಲೆ ಬಣ್ಣ ಬಳಿದ ಜಲಪಾತ. ಜಲಪಾತಗಳ ನಾಡಿನ ಹುಡುಗನನ್ನು ಪರದೆಯ ಜಲಪಾತದ ಮುಂದೆ ನಿಲ್ಲಿಸಿದ್ದಾರೆ! ಮುಂದೆ ನೂರು ವರ್ಷ ಕಳೆದು ಆ ಚಿತ್ರ ಯಾರಿಗಾದರೂ ಸಿಕ್ಕರೆ, 1960ರ ದಶಕದ ಹಳಿಯಾಳದಲ್ಲಿ ಪೇಟೆಯ ನಡುವೆ ಧಬಧಬೆ ಇತ್ತು ಎಂದು ಪ್ರಬಂಧ ಬರೆದಾರು.

ಆದ್ದರಿಂದ ಹಳೆಯ ಫೋಟೊ ಗೋಡೆಗೆ ತೂಗುಹಾಕಿ ‘ಎಂಥಾ ಕಾಲ ಅದು’ ಎಂದು ನಿಟ್ಟುಸಿರು ಬಿಡುವವರ ಜೊತೆಗೂ ನನ್ನ ಜಗಳವಿದೆ. ಮಿಲ್ಲಿನ ಭೋಂಗಾಕ್ಕೆ ಗಡಿಯಾರ ಹೊಂದಿಸಿದ್ದು, ಬಿದಿರು ತುಂಬಿದ ಲಾರಿಗಳ ಸಾಲು, ಮರಾಠಿ, ಕೊಂಕಣಿ, ತೆಲುಗು, ನೇಪಾಳಿ ಎಲ್ಲ ಒಂದೇ ಓಣಿಯಲ್ಲಿ ಕೇಳುತ್ತಿದ್ದದ್ದು ನನಗೂ ಪ್ರೀತಿ. ‘ಮಿನಿ ಇಂಡಿಯಾ’ ಎಂದು ನಾವು ಎದೆ ಉಬ್ಬಿಸುತ್ತೇವೆ. ಆ ಮಿನಿ ಇಂಡಿಯಾದ ಪಟ್ಟಿ ಹೇಳಲು ಹಚ್ಚಿ ನೋಡಿ: ರಾಜಸ್ಥಾನ, ಕೇರಳ, ಆಂಧ್ರ, ಬಿಹಾರ ಎಂದು ಬೆರಳು ಮಡಚುತ್ತಾರೆ. ಕುಣಬಿ, ಗೌಳಿ, ಸಿದ್ದಿ ಎಂಬಲ್ಲಿಗೆ ಬೆರಳು ಬರುವುದೇ ಇಲ್ಲ. ಇಲ್ಲಿಯವರೇ ಇಲ್ಲದ ಇಂಡಿಯಾ ಅದು.

ಈಗ ಮಾವಶಿಯ, ಅಂದರೆ ಅವ್ವನ ಸೋದರಿಯ, ವಿಷಯಕ್ಕೆ ಬರುತ್ತೇನೆ. ನಮ್ಮವ್ವನ ತವರು ಸೂಪಾ. ಕಾಳಿ ನದಿಗೆ ಪಾಂಢರಿ ಹೊಳೆ ಕೂಡುವ ಜಾಗದಲ್ಲಿದ್ದ, ತಾಲೂಕಿಗೇ ತನ್ನ ಹೆಸರು ಕೊಟ್ಟ ಪೇಟೆ. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯುವ ಹೊತ್ತಿಗೆ ಪೇಟೆ ನೀರಿನ ಕೆಳಗಿತ್ತು; ಕಚೇರಿಗಳು ಜೋಯಿಡಾಕ್ಕೆ ಹೋದವು, ಅನೇಕ ಮನೆಗಳು ಇದೇ ತಾಲೂಕಿನ ರಾಮನಗರಕ್ಕೆ. ಒಂದು ವಿಚಿತ್ರ ಕೇಳಿ: 2011ರ ಜನಗಣತಿಯಲ್ಲೂ ತಾಲೂಕಿನ ಹೆಸರು ಸೂಪಾ ಎಂದೇ ಇದೆ. ಮುಳುಗಿದ ಊರಿನ ಹೆಸರಿನಲ್ಲಿ ತೇಲುವವರ ತಲೆ ಎಣಿಸಿದ್ದಾರೆ.

ಬೇಸಿಗೆ ರಜೆಯೆಲ್ಲ ನಾನು ಕಳೆದದ್ದು ಅಲ್ಲಿ. ನನ್ನ ನೆನಪಿನಲ್ಲಿ ಅಜ್ಜನ ಅಂಗಡಿಯಿಂದ ಹೊಳೆಗೆ ಇಳಿಯುವಾಗ ಎಡಕ್ಕೆ ಒಂದು ದೊಡ್ಡ ಹಲಸಿನ ಮರ; ಅದರ ಬೇರಿನ ಮೇಲೆ ಕೂತು ಅಜ್ಜ ಹಲ್ಲುಜ್ಜುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಆಣೆ ಮಾಡಿ ಹೇಳು ಎಂದಿದ್ದರೆ ಹೇಳುತ್ತಿದ್ದೆ. ಹೋದ ವರ್ಷ ಹಾಳೆ ಹಿಡಿದುಕೊಂಡು ರಾಮನಗರಕ್ಕೆ ಹೋದೆ. ಮಾವಶಿಗೆ ಎಂಬತ್ತೆಂಟು. ನಡುಮನೆಯಲ್ಲಿ ಹಾಳೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ವಾಟಗ ಇಟ್ಟು, ‘ಇದು ನೋಡು ಸೂಪಾ’ ಎಂದೆ. ಆಕೆ ಬಗ್ಗಿ ನೋಡಿದಳು. ನನ್ನನ್ನು ನೋಡಿದಳು.

‘ಹೊಳಿ ಹಿಂಗ ಹರೀತದೇನೋ? ತಿರುಗ್ಸು ಅದನ್ನ.’

ಉತ್ತರ ದಿಕ್ಕು ಯಾವಾಗಲೂ ಮೇಲೇ ಇರುತ್ತದೆ ಎಂದು ವಿವರಿಸಲು ಹೊರಟೆ. ಮಾವಶಿ ಕೇಳಿಸಿಕೊಳ್ಳಲಿಲ್ಲ. ವಾಟಗ ಸರಿಸಿ ಹಾಳೆಯನ್ನು ತಾನೇ ತಲೆಕೆಳಗು ಮಾಡಿಕೊಂಡಳು. ಅಕ್ಷರ ಉಲ್ಟಾ ಆದದ್ದರಿಂದ ಆಕೆಗೇನೂ ನಷ್ಟವಿರಲಿಲ್ಲ. ಈಗ ಹೊಳೆ ಆಕೆ ಬಟ್ಟೆ ಒಗೆಯುತ್ತಿದ್ದ ದಂಡೆಯಿಂದ ಕಾಣುವ ಹಾಗೆ ಹರಿಯತೊಡಗಿತು. ಒಳಗಿನಿಂದ ಹುಣಸೆ ಬೀಜದ ಡಬ್ಬಿ ತರಿಸಿದಳು. ಒಂದು ಬೀಜ ಇಟ್ಟು, ‘ಇದು ನಿಮ್ಮಜ್ಜನ ಅಂಗಡಿ.’ ಇನ್ನೊಂದು, ‘ಇದು ಸಾಲಿ.’ ‘ಇಲ್ಲಿ ಸಂತಿ ಕೂಡ್ತಿತ್ತು.’ ಬೀಜಗಳ ಮೇಲೆ ಬೀಜ. ನಕ್ಷೆಯಲ್ಲಿ ನಾಲ್ಕಾರು ಕೆಂಪು ಚುಕ್ಕೆಯಾಗಿದ್ದ ಪೇಟೆ ಮುಕ್ಕಾಲು ಗಂಟೆಯಲ್ಲಿ ಓಣಿ ಓಣಿಯಾಗಿ ಎದ್ದು ಕೂತಿತು. ‘ಹಲಸಿನ ಮರ ಎಲ್ಲಿ?’ ಎಂದೆ. ‘ಯಾವ ಹಲಸಿನ ಮರ?’ ಹೇಳಿದೆ. ಮಾವಶಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ‘ಅದು ನಿಮ್ಮ ದಾಂಡೇಲಿ ಕ್ವಾರ್ಟರ್ಸಿನ ಹಿಂದ ಇತ್ತಲ್ಲೋ, ಖೋಡಿ. ಇಲ್ಲಿ ಇದ್ದದ್ದು ಮಾವಿನ ಮರ, ಅದೂ ಬಲಕ್ಕ.’

ಹೌದು, ನೆನಪು ಸುಳ್ಳು ಹೇಳುತ್ತದೆ. ಎದುರಾಳಿಗಳು ಯಾವಾಗಲೂ ಎಸೆಯುವ ಕಲ್ಲು ಇದು: ಮುದುಕರ ಮಾತನ್ನು ಹೇಗೆ ನಂಬುವುದು, ಕಾಗದವಾದರೆ ಸಾಕ್ಷಿ. ನನ್ನ ಉತ್ತರ ಇಷ್ಟೇ: ನನ್ನ ಸುಳ್ಳು ಸಿಕ್ಕಿಬಿದ್ದದ್ದು ಇನ್ನೊಂದು ನೆನಪಿನಿಂದ, ನಕ್ಷೆಯ ಮೇಲೆ ಬೀಜ ಇಟ್ಟಾಗ. ಕಾಗದದ ಸುಳ್ಳು ಸಿಕ್ಕಿಬೀಳುವುದೂ ಹಾಗೆಯೇ. ಒಂದು ಉದಾಹರಣೆ ಕೊಡುತ್ತೇನೆ, ಇದು ನನ್ನ ಮನೆಯದಲ್ಲ. 1970ರ ದಶಕದಲ್ಲಿ ನಮ್ಮ ಜಿಲ್ಲೆಯ ಬಿದಿರು ಯಾಕೆ ಖಾಲಿಯಾಗುತ್ತಿದೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನಕ್ಕೆ ಇಳಿದರು. ಕಾಡಿನ ಕಾರ್ಯಯೋಜನೆಯ ಕಾಗದ ಹೇಳುತ್ತಿತ್ತು: ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡಬೇಕು, ಆಗ ಇಕ್ಕಟ್ಟು ತಪ್ಪಿ ಮೆಳೆ ಚೆನ್ನಾಗಿ ಬೆಳೆಯುತ್ತದೆ. ಹಳ್ಳಿಯವರು ಅಂದರು: ಆ ಮುಳ್ಳೇ ಬೇಲಿ, ಅದನ್ನು ತೆಗೆದರೆ ಎಳೆ ಕಳಲೆಯನ್ನು ದನ, ಮುಳ್ಳುಹಂದಿ ತಿಂದು ಹಾಕುತ್ತವೆ. ಗಾಡ್ಗೀಳ್ ಮತ್ತು ಜೊತೆಗಾರರು ಅಳೆದು ನೋಡಿದಾಗ ಹಳ್ಳಿಯವರೇ ಸರಿ. ಆ ಮಾತು ಯಾವ ಕಡತದಲ್ಲೂ ಇರಲಿಲ್ಲ, ಬಿದಿರಿನ ಪಕ್ಕ ಬಾಳಿದವರ ಬಾಯಲ್ಲಿತ್ತು. ಇಲ್ಲಿ ಯಾರೂ ಇರಲಿಲ್ಲ ಎನ್ನುವವರು ಒಂದಿಷ್ಟು ಯೋಚಿಸಲಿ: ಯಾರೂ ಇರದ ಕಾಡಿನಲ್ಲಿ ಅಷ್ಟು ವರ್ಷ ಕಳಲೆಯನ್ನು ನೋಡಿಕೊಂಡಿದ್ದವರು ಯಾರು?

ಸ್ವಾರಸ್ಯವೆಂದರೆ ಈ ವಿಷಯದಲ್ಲಿ ಕಾನೂನು ನಮ್ಮ ವಿದ್ಯಾವಂತರಿಗಿಂತ ಮುಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮ 13ನ್ನು ಓದಿ. ಸಾಕ್ಷ್ಯ ಎಂದರೆ ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ. ಅದರ ಜೊತೆಯಲ್ಲೇ ಬಾವಿ, ಸ್ಮಶಾನ, ದೇವರ ಜಾಗ, ಮನೆ. ಅದರ ಜೊತೆಯಲ್ಲೇ, ಹಕ್ಕು ಕೇಳುವವರನ್ನು ಬಿಟ್ಟು ಬೇರೆ ಹಿರಿಯರು ಹೇಳಿ ಬರೆಸಿದ ಮಾತು. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಬದಲಿ ಆಗಲಾರದು ಎಂದು 2012ರ ತಿದ್ದುಪಡಿ ಸ್ಪಷ್ಟ ಹೇಳಿದೆ. ಆದರೂ ಕಚೇರಿಯ ಮೇಜಿನ ಆಚೆಯಿಂದ ಬರುವ ಪ್ರಶ್ನೆ ಅದೇ ಹಳೆಯದು: ‘ಎಪ್ಪತ್ತೈದು ವರ್ಷದ ಕಾಗದ ಎಲ್ಲಿ?’ ಕಾಯ್ದೆ ಗೊತ್ತುಮಾಡಿದ 2005ರ ಡಿಸೆಂಬರಿನಿಂದ ಹಿಂದಕ್ಕೆ ಎಣಿಸಿದರೆ 1930. ಕುಮರಿಯನ್ನು ಅಪರಾಧ ಮಾಡಿದ ಸರ್ಕಾರದ ಕೈಯಿಂದಲೇ, ಕುಮರಿ ಮಾಡುತ್ತಿದ್ದೆ ಎಂಬ ರಸೀದಿ ತಾ ಎಂದ ಹಾಗೆ. ಕಳ್ಳನಿಂದ ಕಳವಿನ ಬಿಲ್ಲು ಕೇಳುವುದಾದರೂ ಇಷ್ಟು ಹಾಸ್ಯಾಸ್ಪದವಲ್ಲ.

‘ಜನ ಇದ್ದರು ಎಂದು ನೀವು ಸಾಧಿಸಿದರೆ ಕಾಡಿಗೆ ಕೊಡಲಿ ಬೀಳುತ್ತದೆ, ಹುಲಿಯ ಗತಿ ಏನು?’ ಎಂದು ಒಬ್ಬ ಪರಿಸರಪ್ರೇಮಿ ಮಿತ್ರರು ಕೇಳಿದರು. ಅವರ ಕಾಳಜಿ ಪ್ರಾಮಾಣಿಕ. ಹುಲಿಯೂ ಬೇಕು, ಮಂಗಟ್ಟೆಯೂ ಬೇಕು. ಆದರೆ ಜೋಯಿಡಾದ ಒಳಹಳ್ಳಿಗಳಿಂದ ಹೊರಬಂದ ಕುಟುಂಬಕ್ಕೆ ಹತ್ತು ಲಕ್ಷ, ಈಗ ಹದಿನೈದು ಲಕ್ಷ ಕೊಡುತ್ತಾರಲ್ಲ, ಅದನ್ನು ಏನೆಂದು ಕರೆಯುತ್ತೀರಿ? ಅಲ್ಲಿ ಏನೂ ಇರಲಿಲ್ಲ ಎಂದರೆ ಅದು ಸರ್ಕಾರದ ಔದಾರ್ಯ, ತಗೊಂಡವನು ಅದೃಷ್ಟವಂತ. ಅಲ್ಲಿ ಮುತ್ತಜ್ಜನ ಗದ್ದೆ, ದೇವರ ಬನ, ಇಪ್ಪತ್ತು ಬಗೆಯ ಗಡ್ಡೆಗೆಣಸಿನ ತೋಟ ಇತ್ತು ಎಂದರೆ ಅದು ಬೆಲೆ. ಬೆಲೆಯ ಬಗ್ಗೆ ಚೌಕಾಸಿ ಮಾಡಬಹುದು, ಔದಾರ್ಯದ ಮುಂದೆ ಕೈಮುಗಿಯಬೇಕಾಗುತ್ತದೆ. ಈ ‘ಏನೂ ಇರಲಿಲ್ಲ’ ಎಂಬ ಮಾತಿನ ಲಾಭ ಯಾರ ಕಿಸೆಗೆ ಹೋಗುತ್ತದೆ ಎಂದು ಬೇರೆ ವಿವರಿಸಬೇಕಿಲ್ಲ. ಜೋಯಿಡಾದ ಕುಣಬಿಗಳು ವರ್ಷಕ್ಕೊಮ್ಮೆ ಗಡ್ಡೆಗೆಣಸು ಮೇಳ ನಡೆಸುತ್ತಾರೆ. ಮಣ್ಣು ಮೆತ್ತಿದ, ತೊಡೆಯಷ್ಟು ದಪ್ಪದ ಗಡ್ಡೆಗಳನ್ನು ಬಾಳೆಎಲೆಯ ಮೇಲೆ ಇಟ್ಟು ಕೂತಿರುತ್ತಾರೆ. ಯಾರ ಗಡ್ಡೆ ಯಾವ ಅಜ್ಜಿಯಿಂದ ಬಂತು ಎಂದು ಹೆಂಗಸರು ಹೇಳುವುದನ್ನು ಕೇಳಬೇಕು. ಗಡ್ಡೆ ಅಗೆದು, ಮತ್ತೆ ನೆಟ್ಟು ಉಳಿಸಿಕೊಳ್ಳಬೇಕಾದ ವಸ್ತು. ನೆಡುವವರು ಯಾರೂ ಇರದಿದ್ದರೆ ಆ ಸಾಲು ತುಂಡಾಗುತ್ತಿತ್ತು.

ಮುಂಡಗೋಡದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ತಮ್ಮ ನಾಡನ್ನೇ ಕಳೆದುಕೊಂಡು ಬಂದ ಟಿಬೆಟನ್ನರಿಗೆ ನಾಲ್ಕು ಸಾವಿರ ಎಕರೆ ಕೊಟ್ಟದ್ದು ಈ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು, ನನಗೆ ಅದರಲ್ಲಿ ಎರಡು ಮಾತಿಲ್ಲ. ಡ್ರೆಪುಂಗ್, ಗಾಂದೆನ್ ಮಠಗಳ ಚಿನ್ನದ ಬಣ್ಣದ ಮಾಡು ನೋಡಲು ನಾನೂ ನೆಂಟರನ್ನು ಕರೆದೊಯ್ಯುತ್ತೇನೆ. ಆದರೆ ಅಲ್ಲಿಯ ಊರುಗಳಿಗೆ ಬಸ್ಸಿನವರು ಇವತ್ತೂ ಕರೆಯುವುದು ಕ್ಯಾಂಪ್ ನಂಬರ್ ಒಂದು, ಕ್ಯಾಂಪ್ ನಂಬರ್ ಎರಡು ಎಂದು. ಮನುಷ್ಯರು ಹುಟ್ಟಿ, ಮದುವೆಯಾಗಿ, ಸತ್ತು ಅರವತ್ತು ವರ್ಷ ಸಮೀಪಿಸಿದರೂ ಊರಿಗೆ ನಂಬರ್! ಖಾಲಿ ಕಾಗದದ ಮೇಲೆ ಗೆರೆ ಎಳೆದವನು ಇಡುವ ಹೆಸರು ಅದು. ಆ ಗೆರೆಗಳ ಕೆಳಗೆ ದನ ಮೇಯಿಸಿದವನೂ, ಜೇನು ಬಿಡಿಸಿದವನೂ ತನ್ನದೇ ಹೆಸರುಗಳನ್ನು ಇಟ್ಟಿದ್ದಾನು. ಗೆರೆಯ ಮೇಲೆ ಬಂದು ಬಾಳಿದವರೂ ಇಟ್ಟುಕೊಂಡಿದ್ದಾರೆ, ಇಡೀ ವಸತಿಗೆ ಅವರ ಹೆಸರು ದೋಗುಲಿಂಗ್. ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳುವ ಪುರುಸೊತ್ತು ನಮ್ಮ ಯಾವ ಕಚೇರಿಗೂ ಕಾಲೇಜಿಗೂ ಆಗಿಲ್ಲ.

ಮಾವಶಿಯ ನಡುಮನೆಗೆ ವಾಪಸು ಹೋಗಬೇಕು, ಅಲ್ಲಿಯ ಮಾತು ಪೂರ್ತಿ ಹೇಳಿಲ್ಲ. ಪೇಟೆ ತುಂಬಿತು, ಡಬ್ಬಿಯಲ್ಲಿ ಇನ್ನೂ ಬೀಜ ಉಳಿದಿತ್ತು. ಕೊನೆಯ ಮನೆಯಾಚೆ, ಗುಡ್ಡದ ಕಡೆ ಬೆರಳಿಟ್ಟು ಕೇಳಿದೆ: ‘ಇಲ್ಲಿ?’

‘ಅಲ್ಲೇನೂ ಇರ್ಲಿಲ್ಲ. ಬರೇ ಅಡವಿ.’

ನನಗೆ ಉಸಿರು ಸಿಕ್ಕಿಕೊಂಡಂತಾಯಿತು. ತನ್ನ ಊರು ನೀರಿನಡಿ ಹೋಗಿ ಮೂವತ್ತೆಂಟು ವರ್ಷ ಕಳೆದರೂ ಬೀಜ ಹಿಡಿದು ಓಣಿ ಕಟ್ಟುವ ಮುದುಕಿಯ ಬಾಯಲ್ಲಿ, ಅಪ್ಪನ ಅದೇ ಮಾತು, ಅದೇ ಧಾಟಿ.

‘ಸಂತಿಗೆ ಗೆಣಸು ಯಾರ್ ತರ್ತಿದ್ರು ಮಾವಶಿ?’

‘ಕುಣಬ್ಯಾರು.’

‘ಹಾಲು, ಬೆಣ್ಣಿ?’

‘ಗೌಳ್ಯಾರು ತರ್ತಿದ್ರು, ಮತ್ತ್ಯಾರು.’ ಅಷ್ಟು ಹೇಳಿ ಆಕೆ ನನ್ನ ಮುಖ ನೋಡಿದಳು. ನಾನೇನೂ ಅನ್ನಲಿಲ್ಲ. ಒಂದಿಷ್ಟು ಹೊತ್ತು ಡಬ್ಬಿಯೊಳಗೆ ಕೈಯಾಡಿಸುತ್ತ ಕೂತಳು. ಆಮೇಲೆ ಒಂದು ಹಿಡಿ ಬೀಜ ತೆಗೆದು, ಗುಡ್ಡದ ಗೆರೆಗಳ ಮೇಲೆ ಒಂದು, ಹಳ್ಳದ ಪಕ್ಕ ಎರಡು, ದಾರಿ ಕವಲಾಗುವಲ್ಲಿ ಒಂದು ಇಡುತ್ತ ಹೋದಳು. ಬಾಯಲ್ಲಿ ಸಣ್ಣ ದನಿಯಲ್ಲಿ ಹೆಸರುಗಳು. ಹಾಳೆಯ ಅಂಚು ಬಂತು. ಮಾವಶಿಯ ಕೈ ನಿಲ್ಲಲಿಲ್ಲ. ಉಳಿದ ಬೀಜಗಳನ್ನು ಆಕೆ ಸಗಣಿ ಸಾರಿಸಿದ ನೆಲದ ಮೇಲೆ ಇಟ್ಟಳು.